ಪಂಚಾಯತ್ ಚುನಾವಣೆಗೆ ಬೂತ್ ಡ್ಯೂಟಿ ಬಂದಿದೆ, ಕಾಸರಗೋಡು ಕಡೆ ಮಾಡಿದವರು ಸ್ವಲ್ಪ ಹೇಳಿ

ನೀರ್ಚಾಲು ಟೀಚರ್

ಎಲ್ಲರಿಗೂ ನಮಸ್ಕಾರ. 2025ರ ಡಿಸೆಂಬರ್ 11ರ ಚುನಾವಣೆಗೆ ನನಗೆ ಫಸ್ಟ್ ಪೋಲಿಂಗ್ ಆಫೀಸರ್ ಅಂತ ಆರ್ಡರ್ ಬಂದಿದೆ. 2024ರ ಲೋಕಸಭೆಗೆ ಶಾಯಿ ಹಾಕುವ ಕೆಲಸ ಮಾಡಿದ್ದೆ, ಹಾಗಾಗಿ ಬೂತ್ ಅಂದರೆ ಪೂರ್ತಿ ಹೊಸದಲ್ಲ. ಆದರೆ ಟ್ರೈನಿಂಗ್‌ಗೆ ಹೋಗಿ ಬಂದ ಮೇಲೆ ಜಾಸ್ತಿ ಗೊಂದಲ ಆಗಿದೆ. ಮೂರು ಯಂತ್ರ, ಮೂರು ಬಣ್ಣ, ಎಂಡ್ ಬಟನ್ ಅಂತ ಪ್ರೊಜೆಕ್ಟರ್‌ನಲ್ಲಿ ಓಡಿಸಿಬಿಟ್ಟರು. ಕೂತಿದ್ದವರಲ್ಲಿ ಅರ್ಧ ಜನ ಫೋನ್ ನೋಡುತ್ತಿದ್ದರು. ಬೂತ್ ಯಾವುದು ಅಂತ ಇನ್ನೂ ಗೊತ್ತಿಲ್ಲ. ಮಂಜೇಶ್ವರ ಬ್ಲಾಕ್ ಆದರೆ ತುಳು, ಕನ್ನಡ, ಮಲಯಾಳ ಮೂರೂ ಬೇಕಾಗುತ್ತದೆ ಅಲ್ವಾ? ಲೋಕಸಭೆಗೂ ಇದಕ್ಕೂ ನಿಜವಾದ ವ್ಯತ್ಯಾಸ ಎಂತ, ಮಾಡಿದವರು ಹೇಳಿ. ಪುಸ್ತಕದಲ್ಲಿ ಇರುವುದು ಬೇಡ, ಅದು ನನ್ನ ಹತ್ತಿರ ಇದೆ.

ಹಳೇ ಪ್ರಿಸೈಡಿಂಗ್

ಟೀಚರ್, ಮೊದಲು ಒಂದು ವಿಷಯ. ಲೋಕಸಭೆಯ ಅನುಭವವನ್ನು ಮನೆಯಲ್ಲೇ ಇಟ್ಟು ಹೋಗಿ. ಅದು ಕೇಂದ್ರ ಚುನಾವಣಾ ಆಯೋಗದ್ದು, ಇದು ರಾಜ್ಯ ಚುನಾವಣಾ ಆಯೋಗದ್ದು. ಯಂತ್ರ ಬೇರೆ, ಮತದಾರರ ಪಟ್ಟಿ ಬೇರೆ, ಕವರುಗಳೂ ಬೇರೆ. ಹಾಕಿದ ಮತದ ಚೀಟಿ ತೋರಿಸುವ ವಿವಿಪ್ಯಾಟ್ ಇಲ್ಲ. ನೋಟಾ ಕೂಡ ಇಲ್ಲ.

ಯಂತ್ರದ ವಿಷಯ ಸುಲಭ. ಒಂದು ಕಂಟ್ರೋಲ್ ಯೂನಿಟ್, ಅದಕ್ಕೆ ಮತದಾರರು ಒತ್ತುವ ಮೂರು ಬ್ಯಾಲೆಟ್ ಯೂನಿಟ್. ಗ್ರಾಮ ಪಂಚಾಯತಿಗೆ ಬಿಳಿ ಲೇಬಲ್, ಬ್ಲಾಕಿಗೆ ಗುಲಾಬಿ, ಜಿಲ್ಲಾ ಪಂಚಾಯತಿಗೆ ತಿಳಿ ನೀಲಿ. ಮೂರರಲ್ಲೂ ಒತ್ತಿದ ಮೇಲೆ ಉದ್ದ ಬೀಪ್ ಬರುತ್ತದೆ, ಅಲ್ಲಿಗೆ ಒಬ್ಬರ ಮತ ಮುಗಿಯಿತು. ಮೂರಕ್ಕೂ ಹಾಕುವ ಮನಸ್ಸಿಲ್ಲದವರು ಬೇಕಾದ್ದಕ್ಕೆ ಒತ್ತಿ ಕೊನೆಗೆ ಎಂಡ್ ಒತ್ತಬೇಕು.

ತಾಪತ್ರಯ ಇರುವುದು ಇಲ್ಲಿಯೇ. ನಮ್ಮ ಕಡೆಯ ಅಜ್ಜಿಯಂದಿರು ವಾರ್ಡಿನ ಹುಡುಗನಿಗೆ ವೋಟು ಹಾಕಲು ಬಂದಿರುತ್ತಾರೆ. ಬ್ಲಾಕಿಗೆ ಯಾರು ನಿಂತಿದ್ದಾರೆ ಅಂತ ಅವರಿಗೆ ಗೊತ್ತಿಲ್ಲ, ಗೊತ್ತಾಗಬೇಕು ಅಂತಲೂ ಇಲ್ಲ. ಬಿಳಿಯಲ್ಲಿ ಒತ್ತಿ ಸೆರಗು ಸರಿಮಾಡಿಕೊಂಡು ಹೊರಗೆ ಬರುತ್ತಾರೆ. ಬೀಪ್ ಬರುವುದಿಲ್ಲ, ಕಂಟ್ರೋಲ್ ಯೂನಿಟಿನ ದೀಪ ಆರುವುದಿಲ್ಲ, ಮುಂದಿನವರು ನಿಂತಲ್ಲೇ ನಿಂತಿರುತ್ತಾರೆ. ಆಗ ನೀವು ಒಳಗೆ ಬಗ್ಗಿ ನೋಡುವ ಹಾಗಿಲ್ಲ, ಇಂಥದ್ದನ್ನು ಒತ್ತಿ ಅನ್ನುವ ಹಾಗೂ ಇಲ್ಲ. ಅವರನ್ನು ನಿಲ್ಲಿಸಿ, ಇನ್ನೂ ಎರಡು ಉಂಟು, ಬೇಡವಾದರೆ ಎಂಡ್ ಒತ್ತಿ ಅಂತ ಅವರ ಭಾಷೆಯಲ್ಲಿ ಹೇಳಬೇಕು, ಅದೂ ಪಕ್ಷಗಳ ಏಜೆಂಟರಿಗೆ ಕೇಳಿಸುವ ಹಾಗೆ, ಯಾಕೆಂದರೆ ನೀವು ಕಿವಿಯಲ್ಲಿ ಹೇಳಿದರೆ ಚಿಹ್ನೆ ಹೇಳಿಕೊಟ್ಟಿರಿ ಅಂತಲೇ ಲೆಕ್ಕ. ಅವರು ಹೋಗಿಯೇ ಬಿಟ್ಟರೆ ಬೂತಿನ ಮುಖ್ಯಸ್ಥರಾದ ಪ್ರಿಸೈಡಿಂಗ್ ಆಫೀಸರ್ ಎಂಡ್ ಒತ್ತಿಸಿ ಯಂತ್ರವನ್ನು ಮುಂದಿನವರಿಗೆ ಸಿದ್ಧ ಮಾಡಬೇಕು. ಇದನ್ನು ಬೆಳಿಗ್ಗೆ ಮಾಕ್ ಪೋಲ್ (ಪರೀಕ್ಷೆಗೆ ಹಾಕುವ ಮತ) ಹೊತ್ತಿಗೇ ಏಜೆಂಟರಿಗೆ ಬಿಡಿಸಿ ಹೇಳಿ. ಹನ್ನೊಂದು ಗಂಟೆಗೆ ಕ್ಯೂ ಬೆಳೆದಾಗ ಹೇಳಹೊರಟರೆ ಜಗಳಕ್ಕೇ ನಿಲ್ಲುತ್ತದೆ.

ಬ್ಯಾಲೆಟ್ ಲೇಬಲಿನಲ್ಲಿ ಭಾಷಾ ಅಲ್ಪಸಂಖ್ಯಾತರ ಪ್ರದೇಶದಲ್ಲಿ ಕನ್ನಡವೂ ಇರುತ್ತದೆ, ಆ ಚಿಂತೆ ಬೇಡ. ಚಿಂತೆ ಇರುವುದು ಬಾಯಿಮಾತಿನ ಕನ್ನಡದ್ದು.

ಕಟ್ಟನ್ ಚಾಯ

ಬಾಯಿಮಾತಿನ ಕನ್ನಡ ಅಂದದ್ದು ಸರಿ. ಕಳೆದ ಸಲ ನಾನು ಪೋಲಿಂಗ್ ಅಸಿಸ್ಟೆಂಟ್. ನಮ್ಮ ಫಸ್ಟ್ ಪೋಲಿಂಗ್ ಆಫೀಸರ್ ದಕ್ಷಿಣದ ಜಿಲ್ಲೆಯಿಂದ ಇಲ್ಲಿಗೆ ಕೆಲಸಕ್ಕೆ ಬಂದವರು. ಪಾಪ, ಒಳ್ಳೆಯ ಮನುಷ್ಯ. ಪಟ್ಟಿ ನೋಡಿ ಹೆಸರನ್ನೂ ಮನೆ ಹೆಸರನ್ನೂ ಜೋರಾಗಿ ಓದಬೇಕು ಅಲ್ವಾ, ಅವರು ಓದಿದ್ದು ಕೇಳಿ ಎದುರಿಗೆ ನಿಂತಿದ್ದ ಮತದಾರನೇ ಅದು ನಾನಲ್ಲ ಅಂದ. ಏಜೆಂಟರೂ ತಲೆಯಾಡಿಸಿದರು. ಕೊನೆಗೆ ಕ್ರಮಸಂಖ್ಯೆ ಹಿಡಿದು ನೋಡಿದರೆ ಅವನೇ.

ಟೀಚರ್, ನಿಮಗೆ ಆ ಕಷ್ಟ ಇಲ್ಲ. ನೀರ್ಚಾಲಿನವರಿಗೆ ಪೆರ್ಲ, ಬದಿಯಡ್ಕದ ಮನೆ ಹೆಸರು ಬಾಯಿಪಾಠ ಇರುತ್ತದೆ.

ಊಟದ ವಿಷಯ ಯಾರೂ ಹೇಳಲಿಲ್ಲ. ಹಿಂದಿನ ದಿನ ಸಾಮಾನು ತೆಗೆದುಕೊಂಡು ಬೂತ್ ಮುಟ್ಟುವಾಗ ಸಂಜೆ ಆಗುತ್ತದೆ. ಹೆಚ್ಚಿನ ಕಡೆ ಕುಟುಂಬಶ್ರೀ ಮಹಿಳಾ ಸಂಘದವರು ಊಟದ ವ್ಯವಸ್ಥೆ ಮಾಡುತ್ತಾರೆ, ಹಣ ಕೊಟ್ಟು ತಿನ್ನಿ. ಸೊಳ್ಳೆ ಬತ್ತಿ, ಬೆಡ್‌ಶೀಟ್, ಟಾರ್ಚ್, ಒಂದು ಬಾಟಲಿ ಬಿಸಿನೀರು. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಂಡು ಹೋಗಬೇಡಿ, ಗ್ರೀನ್ ಪ್ರೊಟೊಕಾಲ್ ಉಂಟು, ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯ ಅಕ್ಕಂದಿರು ಬಿಡುವುದಿಲ್ಲ.

ಪೆರ್ಲದ ಏಜೆಂಟ್

ನಾನು ಮೇಜಿನ ಆಚೆ ಕೂರುವವನು, ಒಂದು ಪಕ್ಷದ ಏಜೆಂಟ್. ಯಾವ ಪಕ್ಷ ಅಂತ ಕೇಳಬೇಡಿ, ಚರ್ಚೆ ದಾರಿ ತಪ್ಪುತ್ತದೆ.

ಅಧಿಕಾರಿಗಳು ಏಜೆಂಟರನ್ನು ಕಂಡರೆ ಕಳ್ಳರನ್ನು ಕಂಡ ಹಾಗೆ ಮಾಡುತ್ತಾರೆ. ಸ್ವಲ್ಪ ಯೋಚನೆ ಮಾಡಿ. ಪಂಚಾಯತ್ ಪಟ್ಟಿಯಲ್ಲಿ ಮತದಾರರ ಫೋಟೊ ಇಲ್ಲ. ಬಂದವನು ಅವನೇ ಹೌದೋ ಅಂತ ಹೊರಗಿನಿಂದ ಬಂದ ನಿಮಗೆ ಹೇಗೆ ಗೊತ್ತಾಗಬೇಕು? ಗುರುತಿನ ಚೀಟಿ ನೋಡುತ್ತೀರಿ, ಸರಿ. ಆದರೆ ಆ ಮನೆಯ ಮಗ ದುಬೈಯಲ್ಲಿದ್ದಾನೆ, ಈ ಮನೆಯ ಸೊಸೆ ಹೆರಿಗೆಗೆ ತವರಿಗೆ ಹೋಗಿದ್ದಾಳೆ ಅನ್ನುವುದು ನಮಗೆ ಮಾತ್ರ ಗೊತ್ತು. ಚಾಲೆಂಜ್ ಮಾಡುವುದು, ಅಂದರೆ ಇವನು ಆ ಮತದಾರನಲ್ಲ ಅಂತ ಆಕ್ಷೇಪ ಎತ್ತುವುದು, ನಮ್ಮ ಹಕ್ಕು. ನಾವು ಬಾಯಿ ತೆಗೆದ ಕೂಡಲೇ ಕೂತ್ಕೊಳ್ಳಿ ಅನ್ನಬೇಡಿ. ಶುಲ್ಕ ಕಟ್ಟಿಸಿಕೊಳ್ಳಿ, ವಿಚಾರಣೆ ಮಾಡಿ, ತೀರ್ಮಾನ ಹೇಳಿ, ಮುಗಿಯಿತು.

ಗ್ರಾಮ ಪಂಚಾಯತ್ ವಾರ್ಡಿನಲ್ಲಿ ನಾಲ್ಕೈದು ವೋಟಿಗೆ ಗೆದ್ದವರು, ಸೋತವರು ಎಲ್ಲ ಕಡೆ ಇದ್ದಾರೆ. ಸಮ ಬಂದರೆ ಚೀಟಿ ಎತ್ತುತ್ತಾರೆ. ಲೋಕಸಭೆಯಲ್ಲಿ ನಿಮ್ಮ ಬೂತಿನ ಒಂದು ಮತ ಸಮುದ್ರಕ್ಕೆ ಸೇರಿದ ಹನಿ. ಇಲ್ಲಿ ಅದರಿಂದ ಮೆಂಬರ್ ಬದಲಾಗುತ್ತಾನೆ. ಅದಕ್ಕೇ ನಾವು ಕಣ್ಣಲ್ಲಿ ಎಣ್ಣೆ ಬಿಟ್ಟು ಕೂರುವುದು.

ಹಳೇ ಪ್ರಿಸೈಡಿಂಗ್

ಪೆರ್ಲದವರೇ, ಚಾಲೆಂಜಿನ ಮಾತು ಒಪ್ಪಿದೆ. ಓಪನ್ ವೋಟಿನ ಬಗ್ಗೆ ಮಾತ್ರ ನೀವು ಏನೂ ಹೇಳಲಿಲ್ಲ ಮಾರಾಯ್ರೇ! ಬೂತಿನಲ್ಲಿ ಅತಿ ಹೆಚ್ಚು ಗಲಾಟೆ ಆಗುವುದು ಅದಕ್ಕೇ.

ಹೊಸಬರಿಗೆ ಹೇಳುತ್ತೇನೆ. ಕಣ್ಣು ಕಾಣದವರು, ಕೈಲಾಗದವರು ಒಬ್ಬ ಸಹಾಯಕರನ್ನು ಒಳಗೆ ಕರೆದುಕೊಂಡು ಹೋಗಿ ಮತ ಹಾಕಿಸಬಹುದು. ಅದಕ್ಕೆ ನಮ್ಮಲ್ಲಿ ಎಲ್ಲರೂ ಓಪನ್ ವೋಟ್ ಅನ್ನುವುದು. ಓದಲು ಬರುವುದಿಲ್ಲ ಅನ್ನುವುದು ಕಾರಣ ಆಗುವುದಿಲ್ಲ, ವಯಸ್ಸಾಗಿದೆ ಅನ್ನುವುದೂ ಆಗುವುದಿಲ್ಲ. ಚಿಹ್ನೆ ಕಾಣಿಸುತ್ತದೆಯೇ, ಬಟನ್ ಒತ್ತಲು ಆಗುತ್ತದೆಯೇ ಅಂತ ಪ್ರಿಸೈಡಿಂಗ್ ಆಫೀಸರ್ ಕೇಳಿ ನೋಡಿ ತೀರ್ಮಾನ ಮಾಡಬೇಕು. ಒಬ್ಬ ಸಹಾಯಕ ಒಂದು ದಿನಕ್ಕೆ ಒಬ್ಬರಿಗೆ ಮಾತ್ರ, ಅದಕ್ಕೆ ಅವನಿಂದ ಬರೆಸಿಕೊಳ್ಳಬೇಕು. ಬೂತ್ ಸಿಬ್ಬಂದಿ ಯಾರೂ ಸಹಾಯಕರಾಗುವಂತಿಲ್ಲ, ಅಜ್ಜಿ ಎಷ್ಟೇ ಕೈ ಹಿಡಿದು ಕೇಳಿದರೂ.

ಈಗ ನಡೆಯುವುದು ಎಂತ ಅಂದರೆ, ಒಂದು ಪಕ್ಷದವರು ಜೀಪಿನಲ್ಲಿ ನಾಲ್ಕು ಜನ ಮುದುಕರನ್ನು ಕರೆತರುತ್ತಾರೆ. ಜೀಪಿನಿಂದ ಇಳಿಯುವಾಗ ಸರಿಯಾಗಿ ನಡೆಯುತ್ತಿದ್ದವರು ಬಾಗಿಲ ಹತ್ತಿರ ಬರುವಾಗ ಕುರುಡರಾಗಿರುತ್ತಾರೆ. ನಾನು ಒಬ್ಬ ಅಜ್ಜನನ್ನು, ಆ ಗೋಡೆಯ ಗಡಿಯಾರದಲ್ಲಿ ಗಂಟೆ ಎಷ್ಟಾಯಿತು ಅಜ್ಜಾ, ಅಂದೆ. ಒಂಬತ್ತೂಕಾಲು ಅಂದರು! ಹಾಗಾದರೆ ಒಬ್ಬರೇ ಹೋಗಿ ಅಂದೆ. ಹೊರಗೆ ಹೋಗಿ ನನ್ನ ಬಗ್ಗೆ ಎಂತೆಂತ ಹೇಳಿದರೋ.

ಪೆರ್ಲದ ಏಜೆಂಟ್

ಗಡಿಯಾರ ನೋಡಿ ಗಂಟೆ ಹೇಳುವವರಿಗೆ ಹತ್ತಿರದ ಸಣ್ಣ ಚಿಹ್ನೆ ಕಾಣಿಸಬೇಕು ಅಂತ ಇಲ್ಲ. ನನ್ನ ಅಪ್ಪನಿಗೆ ದೂರದ್ದು ಕಾಣುತ್ತದೆ, ಕನ್ನಡಕ ಇಲ್ಲದೆ ಅಂಗೈ ಗೆರೆ ಕಾಣುವುದಿಲ್ಲ. ನಿಮ್ಮ ಪರೀಕ್ಷೆ ತಪ್ಪು.

ಹಳೇ ಪ್ರಿಸೈಡಿಂಗ್

ಅದೂ ಸರಿಯೇ. ಈ ಸಲ ಡ್ಯೂಟಿ ಇದ್ದಿದ್ದರೆ ಗಡಿಯಾರ ಬಿಟ್ಟು ಚಿಹ್ನೆಯನ್ನೇ ತೋರಿಸುತ್ತಿದ್ದೆ. ಆದರೆ ಜೀಪಿನ ವಿಷಯಕ್ಕೆ ನೀವು ಉತ್ತರ ಕೊಟ್ಟಿಲ್ಲ ನೋಡಿ.

ತಾಳವಾಡಿ ಹುಡುಗ

ನಾನು ತಮಿಳುನಾಡು ಕಡೆಯವನು, ಈರೋಡು ಜಿಲ್ಲೆ ತಾಳವಾಡಿ. ನಮ್ಮದೂ ಕನ್ನಡದ ಊರೇ. ನಿಮ್ಮ ಮೂರು ಯಂತ್ರ, ಬೀಪ್ ಕತೆ ಕೇಳಿ ನಗು ಬಂತು. ನಮ್ಮಲ್ಲಿ 2019ರ ಡಿಸೆಂಬರ್ 27 ಮತ್ತು 30ಕ್ಕೆ ಗ್ರಾಮೀಣ ಚುನಾವಣೆ ಆದಾಗ ಯಂತ್ರವೇ ಇರಲಿಲ್ಲ, ಕಾಗದ. ಒಬ್ಬೊಬ್ಬರಿಗೆ ನಾಲ್ಕು ಚೀಟಿ. ವಾರ್ಡ್ ಮೆಂಬರಿಗೆ ಬಿಳಿ, ಪಂಚಾಯತ್ ಅಧ್ಯಕ್ಷರಿಗೆ ಗುಲಾಬಿ, ಯೂನಿಯನ್ (ನಿಮ್ಮ ಬ್ಲಾಕಿನ ಹಾಗೆ) ಕೌನ್ಸಿಲರಿಗೆ ಹಸಿರು, ಜಿಲ್ಲಾ ಕೌನ್ಸಿಲರಿಗೆ ಹಳದಿ. ಚೀಟಿ ಕೊಡುವ ಮೇಜಿನಲ್ಲಿ ಕೂತವರ ಕೈ ಬೆರಳು ಸೋತು ಹೋಗುತ್ತದೆ. ಮಡಚುವುದು ಹೇಗೆ ಅಂತ ಪ್ರತಿಯೊಬ್ಬರಿಗೂ ತೋರಿಸಬೇಕು. ಶಾಯಿ ಒಣಗುವ ಮೊದಲು ಅಡ್ಡಾದಿಡ್ಡಿ ಮಡಚಿದರೆ ಗುರುತು ಇನ್ನೊಂದು ಚಿಹ್ನೆಯ ಮೇಲೆ ಅಂಟುತ್ತದೆ, ಎಣಿಕೆಯಲ್ಲಿ ಅದಕ್ಕೊಂದು ವಾದ. ನಾಲ್ಕು ಬಣ್ಣವನ್ನೂ ಬೇರೆ ಮಾಡಿ ಎಣಿಸುವ ಹೊತ್ತಿಗೆ ರಾತ್ರಿ ಹಗಲು ಒಂದೇ.

ಇನ್ನೊಂದು ವ್ಯತ್ಯಾಸ. ನಮ್ಮಲ್ಲಿ ವಾರ್ಡಿಗೂ ಅಧ್ಯಕ್ಷರಿಗೂ ಪಕ್ಷದ ಚಿಹ್ನೆ ಇಲ್ಲ, ಅಧ್ಯಕ್ಷರನ್ನು ಜನರೇ ನೇರ ಆರಿಸುತ್ತಾರೆ. ಕೇರಳದಲ್ಲಿ ವಾರ್ಡಿನಿಂದಲೇ ಪಕ್ಷ ಅಲ್ವಾ? ಅದಕ್ಕೇ ನಿಮ್ಮ ಏಜೆಂಟರು ಇಷ್ಟು ಬಿಸಿ ಇರಬೇಕು.

ಪೆರ್ಲದ ಏಜೆಂಟ್

ತಾಳವಾಡಿಯವರೇ, ಪಕ್ಷದ ಚಿಹ್ನೆ ಇಲ್ಲದಿದ್ದರೂ ಯಾರು ಯಾವ ಪಕ್ಷ ಅಂತ ಊರಿಗೆ ಗೊತ್ತಿಲ್ಲವಾ? ನಮ್ಮಲ್ಲಿ ಅದನ್ನು ಬೋರ್ಡ್ ಹಾಕಿ ಹೇಳುತ್ತೇವೆ, ಅಷ್ಟೇ.

ಚೆರುವತ್ತೂರಿನವ

ನನ್ನ ಕನ್ನಡದಲ್ಲಿ ತಪ್ಪಿದ್ದರೆ ಕ್ಷಮಿಸಿ. ಮನೆ ಮಾತು ಮಲಯಾಳ, ಹೆಂಡತಿ ಕುಂಬಳೆಯವಳು, ಕನ್ನಡ ಅವಳಿಂದ ಕಲಿತದ್ದು.

ದಕ್ಷಿಣದವರಿಗೆ ಹೆಸರು ಓದಲು ಬರುವುದಿಲ್ಲ ಅಂತ ನಗುತ್ತೀರಿ. ನಾವೇನು ಕೇಳಿಕೊಂಡು ಬರುತ್ತೇವಾ? ಇ-ಡ್ರಾಪ್ ಅನ್ನುವ ಸಾಫ್ಟ್‌ವೇರ್ ಹೆಸರು ಎತ್ತುತ್ತದೆ, ಹಾಕಿದ ಕಡೆ ಹೋಗುತ್ತೇವೆ. ಸ್ವಂತ ಪಂಚಾಯತಿಗೆ ಹಾಕುವುದಿಲ್ಲ, ಅದು ಸರಿ ಕೂಡ, ಊರಿನವನೇ ಕೂತರೆ ಎಲ್ಲರೂ ನೆಂಟರು. ಹಾಗಾದರೆ ಜಿಲ್ಲೆಯ ದಕ್ಷಿಣದ ಹೊಸದುರ್ಗ, ನೀಲೇಶ್ವರ ಕಡೆಯವರು ಉತ್ತರದ ವರ್ಕಾಡಿಗೂ ಎಣ್ಮಕಜೆಗೂ ಬರಲೇಬೇಕು. ಜಿಲ್ಲೆಯಲ್ಲಿ 38 ಗ್ರಾಮ ಪಂಚಾಯತ್ ಉಂಟು, ಕನ್ನಡ ಬೇಕಾಗುವುದು ಚಂದ್ರಗಿರಿ ಹೊಳೆಯಿಂದ ಉತ್ತರಕ್ಕೆ. ಕನ್ನಡ ಗೊತ್ತಿರುವ ಉದ್ಯೋಗಿಗಳು ಅಷ್ಟು ಬೂತಿಗೆ ಸಾಕಾಗುತ್ತಾರಾ?

ನಾನು ಮೀಂಜದಲ್ಲಿ ಮಾಡಿದ್ದೇನೆ. ಮುನ್ನಾ ದಿನ ಸಂಜೆ ಆ ಬೂತಿನ ಮತದಾರರ ಪಟ್ಟಿ ನೋಡಿಕೊಳ್ಳುವ ಬಿಎಲ್‌ಒ ಜೊತೆ ಕೂತು ಪಟ್ಟಿಯ ಮನೆ ಹೆಸರೆಲ್ಲ ಒಂದು ಸಲ ಓದಿಸಿಕೊಂಡೆ. ಅವರು ಹೇಳಿದ ಹಾಗೆ ನನ್ನ ಲಿಪಿಯಲ್ಲಿ ಪಕ್ಕದಲ್ಲಿ ಒಂದು ಬಿಳಿ ಹಾಳೆಯಲ್ಲಿ ಬರೆದುಕೊಂಡೆ. ಮತ ಹಾಕಿದವರನ್ನು ಗುರುತು ಮಾಡುವ ಪಟ್ಟಿ, ಅಂದರೆ ಮಾರ್ಕ್ಡ್ ಕಾಪಿಯ ಮೇಲೆ ಗೀಚಬಾರದು, ಅದಕ್ಕೆ ಬೇರೆ ಹಾಳೆ. ಬೆಳಿಗ್ಗೆ ಸಲೀಸಾಯಿತು. ಒಬ್ಬರು ಅಮ್ಮ, ನೀವು ನಮ್ಮ ಊರಿನವರಾ ಅಂತ ತುಳುವಿನಲ್ಲಿ ಕೇಳಿದರು. ತುಳು ನನಗೆ ಅಷ್ಟೇ ಅರ್ಥ ಆದದ್ದು!

ಕಟ್ಟನ್ ಚಾಯ

ಅಣ್ಣ, ನಗಲಿಲ್ಲ, ಒಳ್ಳೆಯ ಮನುಷ್ಯ ಅಂತಲೇ ಬರೆದೆ. ನೀವು ಮಾಡಿದ ಹಾಗೆ ಹಾಳೆ ಮಾಡುವವರು ಕಡಿಮೆ, ಅದು ನನ್ನ ದೂರು.

ಮುಳ್ಳೇರಿಯ ರಿಟೈರ್ಡ್

ಚೆರುವತ್ತೂರಿನವರು ವೈಯಕ್ತಿಕವಾಗಿ ಒಳ್ಳೆಯ ಕೆಲಸ ಮಾಡಿದ್ದಾರೆ. ಆದರೆ ಇದು ಒಬ್ಬೊಬ್ಬರ ಒಳ್ಳೆಯತನಕ್ಕೆ ಬಿಡುವ ವಿಷಯ ಅಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯಲ್ಲಿ ಕನ್ನಡ, ತಮಿಳು ಅಲ್ಪಸಂಖ್ಯಾತರು ಸರಕಾರದ ಜೊತೆ ತಮ್ಮ ಭಾಷೆಯಲ್ಲಿ ವ್ಯವಹಾರ ಮಾಡಬಹುದು ಅಂತ ಇದೆ. ಬ್ಯಾಲೆಟಿನಲ್ಲಿ ಕನ್ನಡ ಹಾಕುತ್ತಾರೆ, ಒಳ್ಳೆಯದು. ಹಾಗೇ ಐದು ಜನರ ತಂಡದಲ್ಲಿ ಒಬ್ಬರಿಗಾದರೂ ಕನ್ನಡವೋ ತುಳುವೋ ಬರಬೇಕು ಅಂತ ಸಾಫ್ಟ್‌ವೇರಿಗೆ ಹೇಳಿಕೊಡಲು ಏನು ಕಷ್ಟ? ಹೆಸರು, ಹುದ್ದೆ, ಸಂಬಳ ಎಲ್ಲ ತುಂಬಿಸಿಕೊಳ್ಳುತ್ತಾರೆ, ಗೊತ್ತಿರುವ ಭಾಷೆ ಅಂತ ಒಂದು ಕಾಲಂ ಜಾಸ್ತಿ ಆದರೆ ಆಯಿತು. ಟೀಚರ್ ಥರದವರನ್ನು ಮಲಯಾಳದ ತೃಕ್ಕರಿಪುರಕ್ಕೆ ಹಾಕಿ, ತೃಕ್ಕರಿಪುರದವರನ್ನು ಕನ್ನಡದ ಬೆಳ್ಳೂರಿಗೆ ಹಾಕುವುದು ತಪ್ಪುತ್ತದೆ. ನಾನು ಸರ್ವಿಸಿನಲ್ಲಿರುವಾಗಲೂ ಇದನ್ನೇ ಹೇಳುತ್ತಿದ್ದೆ. ಬರೆದು ಕೊಡಿ ಅಂದರು, ಬರೆದು ಕೊಟ್ಟೆ, ಮುಂದಿನ ಚುನಾವಣೆಗೂ ಅದೇ ರಾಗ.

ನೀರ್ಚಾಲು ಟೀಚರ್

ಎಲ್ಲರಿಗೂ ತುಂಬ ಥ್ಯಾಂಕ್ಸ್. ಮುಳ್ಳೇರಿಯ ಸರ್, ನಿಮ್ಮ ಬಾಯಿಗೆ ಸಕ್ಕರೆ ಹಾಕುವುದೋ ಬೇಡವೋ ಗೊತ್ತಾಗುತ್ತಿಲ್ಲ, ನನಗೆ ಬೂತ್ ಸಿಕ್ಕಿದ್ದು ಮಂಜೇಶ್ವರ ಬ್ಲಾಕಿನಲ್ಲೇ. ಬಸ್ ಇಳಿದು ಅರ್ಧ ಗಂಟೆ ನಡೆಯುವ ಹಳೇ ಹಂಚಿನ ಶಾಲೆಯಂತೆ. ಬಾಕಿ ಮುಗಿದ ಮೇಲೆ ಹೇಳುತ್ತೇನೆ.

ಹಳೇ ಪ್ರಿಸೈಡಿಂಗ್

ಹೋಗುವ ಮೊದಲು ಒಂದು ಮಾತು. ಬೂತಿನ ಪಕ್ಕದ ಮನೆಯವರು ಕಾಫಿ, ಅವಲಕ್ಕಿ ಅಂತ ಕರೆಯುತ್ತಾರೆ. ಪ್ರೀತಿಯಿಂದಲೇ ಕರೆಯುತ್ತಾರೆ, ನಮ್ಮ ಕಡೆ ಅದು ಮಾಮೂಲಿ. ಆದರೆ ಅದು ಯಾರೋ ಒಬ್ಬ ಏಜೆಂಟಿನ ಚಿಕ್ಕಪ್ಪನ ಮನೆ ಆಗಿರುತ್ತದೆ. ಬೆಳಿಗ್ಗೆ ಏಳು ಗಂಟೆಗೆ ಇನ್ನೊಬ್ಬ ಏಜೆಂಟ್, ಟೀಚರ್ ಎಲ್ಲಿ ಕಾಫಿ ಕುಡಿದರು ಅಂತ ಎಲ್ಲರೆದುರು ಕೇಳುತ್ತಾನೆ. ಬಾತ್‌ರೂಮಿಗೆ ಹೋಗಬೇಕಾಗಿ ಬಂದರೂ ಬಿಎಲ್‌ಒ ಹೇಳಿದ ಮನೆಗೇ ಹೋಗಿ.

ಮತ್ತೆ, ಮಾಕ್ ಪೋಲ್ ಮುಗಿದ ಮೇಲೆ ಕ್ಲಿಯರ್ ಒತ್ತಿ ಸೊನ್ನೆ ತೋರಿಸಿದ್ದನ್ನು ಏಜೆಂಟರು ಕಣ್ಣಾರೆ ನೋಡಿ ಸಹಿ ಹಾಕಿದ್ದಾರಾ ಅಂತ ನೀವೂ ನೋಡಿಕೊಳ್ಳಿ. ಅದು ಪ್ರಿಸೈಡಿಂಗಿನ ಕೆಲಸ ನಿಜ. ಆದರೆ ಅವರಿಗೆ ಏನಾದರೂ ಆದರೆ ಆ ಕುರ್ಚಿ ನಿಮ್ಮದು, ಫಸ್ಟ್ ಪೋಲಿಂಗ್ ಅಂದರೆ ಅದೇ.

ನೀರ್ಚಾಲು ಟೀಚರ್ (ಡಿಸೆಂಬರ್ 12, ಮಧ್ಯಾಹ್ನ)

ಈಗ ಎದ್ದೆ. ನಿನ್ನೆ ರಾತ್ರಿ ಮನೆ ಮುಟ್ಟುವಾಗ ಎಷ್ಟು ಹೊತ್ತಾಗಿತ್ತು ಅಂತ ಕೇಳಬೇಡಿ. ಹೇಳುತ್ತೇನೆ ಅಂದಿದ್ದೆ, ಹಾಗಾಗಿ ಬರೆಯುತ್ತಿದ್ದೇನೆ.

ಎಂಡ್ ಬಟನ್ ಬಗ್ಗೆ ಹೆದರಿಸಿದಷ್ಟು ಆಗಲಿಲ್ಲ. ಒಳಗೆ ಹೋಗುವ ಮೊದಲೇ ನಮ್ಮ ಮೂರನೆಯ ಪೋಲಿಂಗ್ ಆಫೀಸರ್ ಪ್ರತಿಯೊಬ್ಬರಿಗೂ ಮೂರು ಬೆರಳು ತೋರಿಸಿ "ಮೂಜಿ" ಅಂತ ಹೇಳುತ್ತಿದ್ದರು. ಅವರು ಹೊಸದುರ್ಗದವರು, ತುಳು ಬರುವುದಿಲ್ಲ, ಆ ಒಂದು ಮಾತನ್ನು ಹಿಂದಿನ ರಾತ್ರಿ ನನ್ನಿಂದ ಕಲಿತರು. ಆದರೂ ಬೆಳಿಗ್ಗೆ ಬಂದ ಕೆಲವರು ಬಿಳಿಯಲ್ಲಿ ಒತ್ತಿ ಹೊರಟೇ ಹೋದರು. ಪ್ರಿಸೈಡಿಂಗ್ ಸರ್ ಏಜೆಂಟರನ್ನು ಕರೆದು ತಿಳಿಸಿಯೇ ಎಂಡ್ ಒತ್ತಿಸಿದರು.

ಯಾರೂ ಹೇಳದಿದ್ದ ಕಷ್ಟ ಬೇರೆಯೇ ಇತ್ತು. ಈ ಸಲ ವಾರ್ಡುಗಳನ್ನು ಹೊಸದಾಗಿ ವಿಂಗಡಿಸಿದ್ದಾರೆ ಅಲ್ವಾ. ಮನೆ ನಂಬರ್ ಬದಲು, ಬೂತ್ ಬದಲು. ಇಷ್ಟು ವರ್ಷ ಇದೇ ಶಾಲೆಯಲ್ಲಿ ವೋಟು ಹಾಕಿದವರು ಇಲ್ಲಿಗೇ ಬಂದರು, ಹೆಸರು ಆಚೆ ಗುಡ್ಡದ ಅಂಗನವಾಡಿ ಬೂತಿನಲ್ಲಿ. ಬಿಸಿಲಲ್ಲಿ ಕ್ಯೂ ನಿಂತು ನನ್ನ ಮೇಜಿಗೆ ಬಂದ ಮೇಲೆ ಗೊತ್ತಾದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಅದರ ಮೇಲೆ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ, ಅಂದರೆ ಎಸ್‌ಐಆರ್. ನವೆಂಬರಿನಿಂದ ಬಿಎಲ್‌ಒಗಳು ಮನೆಮನೆಗೆ ಎಸ್‌ಐಆರ್ ಫಾರಂ ಹಿಡಿದುಕೊಂಡು ಹೋಗಿದ್ದಾರೆ. ಅದು ವಿಧಾನಸಭೆ, ಲೋಕಸಭೆ ಪಟ್ಟಿಗೆ, ಕೇಂದ್ರ ಆಯೋಗದ್ದು. ಪಂಚಾಯತ್ ಪಟ್ಟಿ ಬೇರೆ. ಜನರಿಗೆ ಇದು ಹೇಗೆ ಗೊತ್ತಾಗಬೇಕು? "ಫಾರಂ ತುಂಬಿಸಿ ಕೊಟ್ಟಿದ್ದೇನೆ, ಫೋಟೊ ಕೊಟ್ಟಿದ್ದೇನೆ, ಹೆಸರು ಇಲ್ಲ ಅಂದರೆ ಎಂತ?" ಅಂತ ಒಬ್ಬರು ಮೇಜು ಕುಟ್ಟಿದರು. ಗಲ್ಫಿನಿಂದ ರಜೆಗೆ ಬಂದವರು. ಅವರ ಬಳಿ ವೋಟರ್ ಐಡಿ ಇತ್ತು, ಅದರಲ್ಲಿ ಹೆಸರು ಸರಿಯೇ ಇತ್ತು. ಐಡಿ ಇದ್ದ ಮಾತ್ರಕ್ಕೆ ಆಗುವುದಿಲ್ಲ, ಪಟ್ಟಿಯಲ್ಲಿ ಇರಬೇಕು. ಇದನ್ನು ಎಷ್ಟು ಸಲ ಹೇಳಿದೆನೋ, ಕನ್ನಡದಲ್ಲಿ, ತುಳುವಿನಲ್ಲಿ, ಕೊನೆಗೆ ಗಂಟಲು ಕಟ್ಟಿ ಕೈಸನ್ನೆಯಲ್ಲಿ. ಅವರಿಗೆ ವೋಟು ಹಾಕಲು ಆಗಲಿಲ್ಲ. ನಿಯಮ ಪ್ರಕಾರ ಸರಿ, ಆದರೆ ಎರಡು ಆಯೋಗ, ಎರಡು ಪಟ್ಟಿ ಇಟ್ಟುಕೊಂಡು ಅದೇ ತಿಂಗಳಲ್ಲಿ ಎರಡನ್ನೂ ಜನರ ಮೇಲೆ ಹಾಕಿದರೆ ಅದರ ಬಿಸಿ ತಟ್ಟುವುದು ಬೂತಿನ ಮೊದಲ ಮೇಜಿಗೆ.

ಏಜೆಂಟರು ಒಳ್ಳೆಯವರಿದ್ದರು, ಪೆರ್ಲದವರ ಮಾತು ನೆನಪಾಯಿತು. ಮಧ್ಯಾಹ್ನ ಕ್ಯೂ ಕರಗಿದ ಮೇಲೆ ಬೇರೆ ಬೇರೆ ಪಕ್ಷದ ಮೂವರೂ ಒಂದೇ ಎಲೆ ಅಡಿಕೆ ಡಬ್ಬಿ ಹಂಚಿಕೊಂಡು ಕೂತಿದ್ದರು. ಸಂಜೆ ಆರಕ್ಕೆ ಗೇಟ್ ಹಾಕುವಾಗ ಮಾತ್ರ ಮೂವರೂ ಎದ್ದು ನಿಂತರು. ಕ್ಯೂನ ಕೊನೆಯವರಿಂದ ಶುರು ಮಾಡಿ ಟೋಕನ್ ಕೊಟ್ಟೆವು. ಯಾಕೆ ಕೊನೆಯಿಂದ ಅಂತ ಟ್ರೈನಿಂಗಿನಲ್ಲಿ ಅರ್ಥ ಆಗಿರಲಿಲ್ಲ. ಎದುರಿನಿಂದ ಕೊಡುತ್ತಾ ಹೋದರೆ ಹಿಂದೆ ಬಾಲ ಬೆಳೆಯುತ್ತಲೇ ಇರುತ್ತದೆ.

ಹಳೇ ಪ್ರಿಸೈಡಿಂಗ್

ಭೇಷ್ ಟೀಚರ್. ಲೆಕ್ಕ ತಾಳೆ ಆಯಿತಾ?

ನೀರ್ಚಾಲು ಟೀಚರ್

ರಿಜಿಸ್ಟರಿಗೂ ಯಂತ್ರದ ಟೋಟಲಿಗೂ ಒಂದು ವ್ಯತ್ಯಾಸ ಬಂತು ಸರ್, ಎಲ್ಲರ ಮುಖ ಬಿಳಿಚಿತು. ಆಮೇಲೆ ರಿಮಾರ್ಕ್ಸ್ ಕಾಲಂ ನೋಡಿದರೆ, ಸಹಿ ಹಾಕಿದ ಮೇಲೆ ವೋಟು ಬೇಡ ಅಂತ ಹೋದವರು ಒಬ್ಬರಿದ್ದರು, ಎರಡನೆಯ ಆಫೀಸರ್ ಸರಿಯಾಗಿ ಬರೆದಿಟ್ಟಿದ್ದರು. ಅಲ್ಲಿಗೆ ಸರಿಯಾಯಿತು. ಏಜೆಂಟರಿಗೆ ಲೆಕ್ಕದ ಪ್ರತಿ ಕೊಟ್ಟು ಸಹಿ ತೆಗೆದುಕೊಂಡೆವು. ಸಾಮಾನು ವಾಪಸ್ ಕೊಡುವ ಕೌಂಟರಿನಲ್ಲಿ ಮಾತ್ರ ಬೂತಿನಲ್ಲಿ ಕಳೆದಷ್ಟೇ ಆಯಸ್ಸು ಕಳೆಯಿತು. ಒಂದು ಕವರ್ ಮೇಲೆ ಬೂತ್ ನಂಬರ್ ಬರೆದದ್ದು ಮಾಸಿದೆ ಅಂತ ನಿಲ್ಲಿಸಿದರು.

ಪೆರ್ಲದ ಏಜೆಂಟ್

ಆ ಎಲೆ ಅಡಿಕೆ ಡಬ್ಬಿ ಯಾರದ್ದು ಅಂತ ಹೇಳಿದರೆ ಯಾವ ಬೂತ್ ಅಂತ ನಾನು ಹೇಳುತ್ತೇನೆ ಟೀಚರ್.

ಕಟ್ಟನ್ ಚಾಯ

ಹೇಳಬೇಡಿ ಟೀಚರ್. ಅದಿರಲಿ, ನನ್ನದೊಂದು ಅರ್ಜೆಂಟ್ ವಿಷಯ. ಡ್ಯೂಟಿ ಇದ್ದ ಕಾರಣ ಪೋಸ್ಟಲ್ ಬ್ಯಾಲೆಟಿಗೆ ಅರ್ಜಿ ಕೊಟ್ಟಿದ್ದೆ. ಗ್ರಾಮ ಪಂಚಾಯತಿನದ್ದು, ಜಿಲ್ಲಾ ಪಂಚಾಯತಿನದ್ದು ಬಂದಿದೆ. ಬ್ಲಾಕಿನದ್ದು ಇನ್ನೂ ಬಂದಿಲ್ಲ. ಎಂತ ಮಾಡುವುದು?

ಮುಳ್ಳೇರಿಯ ರಿಟೈರ್ಡ್

ಬ್ಲಾಕಿನ ರಿಟರ್ನಿಂಗ್ ಆಫೀಸರರ ಕಚೇರಿಗೆ ಇವತ್ತೇ ಹೋಗಿ ಕೇಳಿ, ಫೋನ್ ಮಾಡಿದರೆ ಎತ್ತುವುದಿಲ್ಲ. ನಾಳೆ 13, ಬೆಳಿಗ್ಗೆ ಎಂಟಕ್ಕೆ ಎಣಿಕೆ ಶುರು, ಅದರೊಳಗೆ ತಲುಪಬೇಕು. ಬಂದಿರುವ ಎರಡನ್ನು ಕಾಯಿಸಬೇಡಿ, ಮೊದಲು ಅವನ್ನು ಕೊಟ್ಟುಬಿಡಿ. ಒಂದೊಂದು ಹಂತಕ್ಕೂ ಬೇರೆ ಬೇರೆ ಕವರ್. ಡಿಕ್ಲರೇಶನಿಗೆ ಗೆಜೆಟೆಡ್ ಆಫೀಸರರ ಸಹಿ, ಸೀಲು ಬೇಕು. ಅದನ್ನು ಬ್ಯಾಲೆಟ್ ಇರುವ ಸಣ್ಣ ಕವರಿನ ಒಳಗೆ ಹಾಕಬೇಡಿ, ಹೊರಗಿನ ದೊಡ್ಡ ಕವರಿನಲ್ಲಿ ಹಾಕಿ. ಊರಿಗೆಲ್ಲ ವೋಟು ಹಾಕಿಸಿದವರ ವೋಟೇ ಇದಕ್ಕೆ ಅಸಿಂಧು ಆಗುವುದು ಜಾಸ್ತಿ.

ಕಟ್ಟನ್ ಚಾಯ

ಹೊರಟೆ ಸರ್. ಗೆಜೆಟೆಡ್ ಸಹಿಗೆ ನಮ್ಮ ಹೆಡ್‌ಮಾಸ್ಟರು ಆಗುತ್ತದಾ, ಹೈಸ್ಕೂಲಿನವರು?

ಮುಳ್ಳೇರಿಯ ರಿಟೈರ್ಡ್

ಸರಕಾರಿ ಹೈಸ್ಕೂಲಾದರೆ ಆಗುತ್ತದೆ. ಸೀಲು ಮರೆಯಬೇಡಿ ಅಂತ ಹೇಳಿ ಅವರಿಗೆ.